ನಾಲ್ಕೇ ಜನ, ಐದನೆಯವ ಆಚೆಗೆ!

ಖಾಕಿ ಹಾಕ್ಕೊಂಡೋನ ಹಣೇಬರಹವೇ ಇಷ್ಟು. ಊರಿಗೆ ನಗಬೇಕು ಅನ್ನಿಸಿದಾಗೆಲ್ಲಾ ನಾನೇ ಕೈಗೆ ಸಿಗ್ತಿದ್ದೆ. ಆಗ ನಾನು ದೊಡ್ಡಬಳ್ಳಾಪುರದಲ್ಲಿ ಪೊಲೀಸ್ ಪೇದೆ.

೧. ತಮಟೆ

ದೇಶಕ್ಕೆ ಸ್ವಾತಂತ್ರ್ಯ ಬಂದಿತ್ತು. ನಮ್ಮ ಮೈಸೂರು ಸಂಸ್ಥಾನಕ್ಕೆ ಮಾತ್ರ ಜನರ ಸರ್ಕಾರ ಇನ್ನೂ ಬಂದಿರಲಿಲ್ಲ. ಅದು ಬೇಕು ಅಂತ ದಿನಾ ಮೆರವಣಿಗೆ. ಶಾಂತಿ ಕಾಪಾಡೋಕೆ ಅಂತ ಮೇಲಿನಿಂದ ಅಪ್ಪಣೆ ಬಂತು: ನಾಲ್ಕು ಜನಕ್ಕಿಂತ ಹೆಚ್ಚು ಎಲ್ಲೂ ಸೇರಕೂಡದು! ಪೇಟೆ ಮಧ್ಯೆ ತಮಟೆ ಹೊಡೆಸಿ ಸಾರಿಸಿದೆ. ಏನಪ್ಪಾ ಅದು ಅಂತ ಕೇಳೋಕೆ ಅರ್ಧ ಊರೇ ಸೇರಿಬಿಡ್ತು.

೨. ಕಾಫಿ ಹೋಟ್ಲು

ಹೋಟ್ಲಲ್ಲಿ ಒಂದೇ ಬೆಂಚಿನ ಮೇಲೆ ಐದು ಜನ ತಲೆ ಕೂಡಿಸಿ ಪಿಸಪಿಸ ಅಂತಿದ್ರು. "ಒಬ್ರು ಆಚೆ ಹೋಗ್ರಪ್ಪಾ," ಅಂದೆ.

ಒಬ್ಬ ಲೋಟ ಹಿಡ್ಕೊಂಡು ಬೀದಿ ಆಚೆ ಹೋಗಿ ಕಲ್ಲಿನ ಮೇಲೆ ಕೂತ. ಕೂತು ಅಲ್ಲಿಂದಲೇ ಕೂಗಿದ: "ಲೇ, ಎಲ್ಲಿಗೆ ನಿಲ್ಸಿದ್ದೆ? ಹಾಂ, ಈ ದಿವಾನರಿಗೆ ಬುದ್ಧಿ ಇದೆಯೇನ್ಲಾ?"

ಒಳಗಿನ ನಾಲ್ವರೂ ಅಲ್ಲಿಗೆ ಕೇಳಿಸ್ಲಿ ಅಂತ ಕಿರುಚಿಕೊಂಡೇ ಉತ್ತರ ಕೊಟ್ರು. ಅಂಗಡಿಯೋರೆಲ್ಲಾ ತಕ್ಕಡಿ ಬಿಟ್ಟು ಕೇಳ್ತಾ ನಿಂತ್ರು. ಕೊನೆಗೆ ನಾನೇ ಕೈ ಮುಗಿದು, "ಬಾರಪ್ಪಾ ಮಾರಾಯ, ಒಳಗೆ ಬಂದು ಕೂತ್ಕೋ" ಅಂತ ಕರ್ಕೊಂಡು ಬಂದೆ.

೩. ಹಾಸು

ನೇಕಾರರ ಬೀದಿ ಕಥೆ ಕೇಳಿ. ಸೀರೆ ನೇಯೋ ಮುಂಚೆ ಅದರ ಹಾಸನ್ನ, ಅಂದ್ರೆ ಉದ್ದದ ಎಳೆಗಳನ್ನ, ಬೆಳಿಗ್ಗೆ ಬೀದಿ ಉದ್ದಕ್ಕೂ ಎಳೆದು ಹಿಡಿದು, ಗಂಜಿ ಹಚ್ಚಿ ಬಾಚ್ತಾರೆ. ತುದಿಗೆ ಇಬ್ಬಿಬ್ರು, ಬಾಚೋಕೆ ನಾಲ್ವರು. ಒಟ್ಟು ಎಂಟು ಜನ. "ನಾಲ್ಕು ಜನ ಬಿಟ್ಟು ಆಚೆ ಹೋಗ್ರಪ್ಪಾ," ಅಂದೆ.

"ಗಂಜಿ ಹಚ್ಚಿಯಾಗಿದೆ ಸ್ವಾಮಿ, ಈಗ ಬಿಟ್ರೆ ಎಳೆ ಎಲ್ಲಾ ಅಂಟ್ಕೊಂಡು ಹಾಳಾಗುತ್ತೆ. ತಿಂಗಳ ದುಡಿಮೆ," ಅಂತ ನೇಕಾರ ಅಜ್ಜ ಗೋಗರೆದ. ಪಾಪ ಅನ್ನಿಸ್ತು. ಅಷ್ಟರಲ್ಲಿ ನಮ್ಮ ಇನ್‌ಸ್ಪೆಕ್ಟರ್ ಸಾಹೇಬ್ರೇ ಸೈಕಲ್ ಮೇಲೆ ಬಂದ್ಬಿಟ್ರು.

"ಊರಿನ ಭದ್ರತೆ ದೊಡ್ಡದೋ, ಒಂದು ಸೀರೆ ದೊಡ್ಡದೋ? ನಾಲ್ಕು ಜನ ನಡೀರಿ ಆಚೆ!"

ತುದಿ ಹಿಡಿದಿದ್ದ ನಾಲ್ವರೂ ಬಿಟ್ಟು ಹೊರಟ್ರು. ಹಾಸು ಜೋತುಬಿತ್ತು. ಅಜ್ಜ ನಿಟ್ಟುಸಿರು ಬಿಟ್ಟು, "ಆಗ್ಲಿ ಬುದ್ಧಿ. ಮಗಳ ಧಾರೆಗೆ ಬೇರೆ ಸೀರೆ ನೋಡ್ಕೊಳ್ಳಿ ಅಂತ ಅಮ್ಮಾವ್ರಿಗೆ ತಾವೇ ಹೇಳ್ಬಿಡಿ," ಅಂದ.

"ಯಾವ ಅಮ್ಮಾವ್ರು?"

"ತಮ್ಮ ಮನೆ ಅಮ್ಮಾವ್ರೇ ಬುದ್ಧಿ. ಇದು ತಮ್ಮ ಮಗಳ ಧಾರೆ ಸೀರೆ."

ಸಾಹೇಬ್ರ ಮುಖ ನೋಡ್ಬೇಕಿತ್ತು! ಕೊಟ್ಟ ಹುಕುಂ ವಾಪಸ್ ತಗೊಂಡ್ರೆ ಮರ್ಯಾದೆ ಹೋಗುತ್ತೆ, ತಗೊಳ್ದೇ ಇದ್ರೆ ಮನೆಗೆ ಹೋಗೋ ಹಾಗಿಲ್ಲ. ಆಮೇಲೆ ಟೋಪಿ ತೆಗೆದು ಸೈಕಲ್ಲಿಗೆ ಸಿಕ್ಕಿಸಿ, "ಅಪ್ಪಣೆ ಇರೋದು ಜನಕ್ಕೆ. ಪೊಲೀಸರು ಲೆಕ್ಕಕ್ಕಿಲ್ಲ. ಹಿಡಿಯಯ್ಯಾ ಆ ತುದಿ!" ಅಂದ್ರು.

ಆ ತುದಿಗೆ ನಾನು, ಈ ತುದಿಗೆ ಅವರು. ಇಬ್ಬಿಬ್ರು ಎಳೆಯೋದನ್ನ ಒಬ್ಬೊಬ್ರೇ ಎಳೀತಾ ಬೆವರು ಸುರಿಸ್ತಿದ್ವಿ. "ಇನ್ನೂ ಬಿಗಿ ಬುದ್ಧಿ, ಇನ್ನೂ ಬಿಗಿ," ಅಂತ ಅಜ್ಜನ ಹುಕುಂ ಬೇರೆ.

ಆಗಲೇ ಬರಬೇಕೇ ಮೆರವಣಿಗೆ! ಜೈಲಿಗೆ ಹೋಗೋಕೆ ರೆಡಿಯಾಗಿ ಎಲ್ಲರ ಕಂಕುಳಲ್ಲೂ ಹಾಸಿಗೆ ಸುರುಳಿ. "ಬೇಕೇ ಬೇಕು, ಜನರ ಸರ್ಕಾರ!"

"ಸಾರ್, ಬಿಟ್ಟು ಬರ್ಲಾ?" ಅಂದೆ.

"ಬಿಟ್ಟೀಯಾ ಜೋಕೆ!" ಅಂತ ಗದರಿ, ಮೆರವಣಿಗೆ ಕಡೆ ತಿರುಗಿ ಬೇಡಿಕೊಂಡ್ರು: "ಗೋಡೆ ಪಕ್ಕ ಒಬ್ಬೊಬ್ರೇ ಹೋಗ್ರಪ್ಪಾ, ಎಳೆ ಮುಟ್ಬೇಡಿ!"

ಹೋದ್ರು. ಘೋಷಣೆ ಕೂಗ್ತಾನೇ, ಹುಷಾರಾಗಿ, ಒಂದೆಳೆಗೂ ಸೋಕದೆ ಎಲ್ರೂ ದಾಟಿ ಹೋದ್ರು. ಹಿಂದೆ ಉಳಿದ ಮುಖಂಡನಿಗೆ ಮಾತ್ರ ತಡೀಲಿಲ್ಲ. ಹಾಸಿಗೆ ಸುರುಳಿ ಕೆಳಗಿಟ್ಟು ಸಾಹೇಬ್ರ ಮುಂದೆ ನಿಂತ.

"ಅರೆಸ್ಟ್ ಮಾಡಲ್ವಾ ಸಾರ್? ಮನೇಲಿ ಎಲ್ರಿಗೂ ಹೇಳಿ ಬಂದಿದ್ದೀನಿ."

"ಮಾಡ್ತೀನಿ ಕಣಯ್ಯಾ, ಮಾಡ್ತೀನಿ," ಅಂದ್ರು ಸಾಹೇಬ್ರು ಏದುಸಿರು ಬಿಡ್ತಾ. "ಗಂಜಿ ಒಣಗೋವರೆಗೂ ಇಲ್ಲೊಂಚೂರು ಕೈ ಹಾಕು!"