ಅಂಚೆಯಲ್ಲಿ ಬಂದ ಮೊಟ್ಟೆಗಳ ಹೆರಿಗೆ

ಅಂಚೆಯಲ್ಲಿ ಬಂದ ಒಂದು ಡಜನ್ ಕೋಳಿಮೊಟ್ಟೆಗಳ ಹೆರಿಗೆಯ ಸಲುವಾಗಿ ನಮ್ಮ ನಗರಸಭೆಯ ಗುಮಾಸ್ತರೊಬ್ಬರಿಗೆ ಪಿತೃತ್ವ ರಜೆ ಮಂಜೂರಾದದ್ದು ಸಂಪೂರ್ಣ ನಿಯಮಾನುಸಾರವಾಗಿಯೇ ಇದೆ ಎಂಬುದನ್ನು ಮೊದಲಿಗೇ ಸ್ಪಷ್ಟಪಡಿಸಬೇಕು. ಈ ಬಗ್ಗೆ ಊರಿನಲ್ಲಿ ಕೆಲವರು ಹಲ್ಲು ಕಿರಿಯುತ್ತಿದ್ದಾರೆ. ಅವರಿಗೆ ನಿಯಮ ಗೊತ್ತಿಲ್ಲ.

ಮೊಟ್ಟೆ ತರಿಸಿದ್ದು ಗುಮಾಸ್ತರ ಹೆಂಡತಿ. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಶಾಲೆಯ ಮಕ್ಕಳ ಯೂನಿಫಾರಂ ಹೊಲಿಯುವ ಈಕೆಯನ್ನು ಬೀದಿಯವರೆಲ್ಲ ಟೈಲರಮ್ಮ ಅನ್ನುತ್ತಾರೆ. ವರ್ಷಗಟ್ಟಲೆ ಅದೇ ನೀಲಿ, ಅದೇ ಬಿಳಿ ಹೊಲಿದು ಆಕೆಯ ಕಣ್ಣು ದಣಿದಿತ್ತು. ಒಂದು ದಿನ ಅಂಗಡಿಯವನು ಗುಂಡಿಗಳನ್ನು ಪೊಟ್ಟಣ ಕಟ್ಟಿಕೊಟ್ಟ ಹಳೆಯ ಪತ್ರಿಕೆಯ ಹಾಳೆಯಲ್ಲಿ ಒಂದು ಹೇಂಟೆಯ ಚಿತ್ರ ಕಂಡಿತು. ಬೂದಿ ಬಣ್ಣದ ಮೈ, ಒಂದೊಂದು ಗರಿಯ ಅಂಚಿಗೂ ಕರಿಯ ಪೈಪಿಂಗ್, ನಡುವೆ ಬಿಳಿಯ ಚುಕ್ಕಿ. ಇಂಥ ಬಟ್ಟೆಯನ್ನು ಆಕೆ ಯಾವ ಜವಳಿ ಅಂಗಡಿಯಲ್ಲೂ ನೋಡಿರಲಿಲ್ಲ. ಈ ತಳಿಯ ಮೊಟ್ಟೆಗಳನ್ನು ಅಂಚೆಯಲ್ಲಿ ಕಳಿಸಲಾಗುವುದು, ಮನೆಯಲ್ಲೇ ಕಾವು ಕೊಟ್ಟು ಮರಿ ಮಾಡಿಕೊಳ್ಳಬಹುದು ಎಂದು ಕೆಳಗೆ ಬರೆದಿತ್ತು.

"ಬೀದಿ ಕೊನೇಲಿ ಮೊಟ್ಟೆ ಸಿಗಲ್ವೇನೇ?" ಅಂದರು ಗುಮಾಸ್ತರು.

"ಅದು ತಿನ್ನೋ ಮೊಟ್ಟೆ ರೀ. ಇದು ಸಾಕೋ ಮೊಟ್ಟೆ."

ಅತ್ತೆ ಕನ್ನಡಕ ಮೇಲೇರಿಸಿ ಸೊಸೆಯನ್ನು ನೋಡಿದರು. "ಕಾಲ ಹಿಂಗಾಯ್ತಾ? ಕೋಳಿ ಬಸುರಾಗೋಕೂ ಪೋಸ್ಟ್‌ಮ್ಯಾನ್ ಬರಬೇಕಾಯ್ತಾ?"

ಪೆಟ್ಟಿಗೆ ಬಂತು. 'ತಲೆಕೆಳಗು ಮಾಡಬೇಡಿ' ಎಂಬ ಮುದ್ರೆಯೇ ತಲೆಕೆಳಗಾಗಿತ್ತು. ಒಳಗೆ ಮರದ ಹೊಟ್ಟಿನ ನಡುವೆ ಹನ್ನೆರಡು ಮೊಟ್ಟೆ, ಒಂದೂ ಒಡೆದಿರಲಿಲ್ಲ. ದಾರಿಯಲ್ಲಿ ಕುಲುಕಾಡಿ ಬಂದವು ಸುಧಾರಿಸಿಕೊಳ್ಳಲಿ ಎಂದು ಟೈಲರಮ್ಮ ಅವುಗಳನ್ನು ಚೂಪು ತುದಿ ಕೆಳಗೆ ಮಾಡಿ ಒಂದು ದಿನ ಹಾಗೇ ನಿಲ್ಲಿಸಿದಳು. ಆಮೇಲೆ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಪ್ರತಿ ಮೊಟ್ಟೆಯ ಒಂದು ಮಗ್ಗುಲಿಗೆ ಸೊನ್ನೆ, ಇನ್ನೊಂದಕ್ಕೆ ಕತ್ತರಿ ಗುರುತು ಹಾಕಿದಳು. ಬೆಳಗ್ಗೆ ಸೊನ್ನೆ ಮೇಲಿದ್ದರೆ ಸಂಜೆ ಕತ್ತರಿ ಮೇಲೆ ಬರಬೇಕು, ಇಲ್ಲದಿದ್ದರೆ ಮರಿ ಚಿಪ್ಪಿಗೆ ಅಂಟಿಕೊಳ್ಳುತ್ತದೆ. ಮೊಟ್ಟೆಗಳ ಜೊತೆಗೇ ತರಿಸಿದ್ದ ಕಾವುಪೆಟ್ಟಿಗೆಯನ್ನು ಬಟ್ಟೆ ಕತ್ತರಿಸುವ ಮೇಜಿನ ಮೇಲಿಟ್ಟಳು. ಅದು ಗಾಜಿನ ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿ. ಒಳಗೊಂದು ಬಲ್ಬು, ಪುಟ್ಟ ಫ್ಯಾನು, ಥರ್ಮಾಮೀಟರು, ತೇವಕ್ಕೆಂದು ನೀರಿನ ತಟ್ಟೆ.

ಗುಮಾಸ್ತರು ಮರುದಿನ ಕಚೇರಿಯಲ್ಲಿ ಚಹಾ ಕುಡಿಯುತ್ತ ಈ ಸುದ್ದಿಯನ್ನು ತಮಾಷೆಗೆಂದು ಹೇಳಿದರು. ಪಕ್ಕದ ಮೇಜಿನ ಆರೋಗ್ಯ ನಿರೀಕ್ಷಕರು ನಗಲಿಲ್ಲ. ಕರ್ತವ್ಯದ ವೇಳೆಯಲ್ಲಿ ಅವರು ನಗುವುದಿಲ್ಲ. ಸಂಜೆ ಮನೆಗೆ ಬಂದರು.

"ನೋಡಿಮ್ಮಾ, ಇವು ಆಹಾರಾನೋ ಪ್ರಾಣೀನೋ?"

"ಈಗ ಮೊಟ್ಟೆ ಸಾರ್. ಮುಂದೆ ಕೋಳಿ."

"ಹಾಗೆ ಎರಡು ದೋಣೀಲಿ ಕಾಲಿಡೋ ಹಂಗಿಲ್ಲ. ಆಹಾರ ಅಂದ್ರೆ, ಬಿಸೀಲಿ ಮೂರು ವಾರ ಇಡೋದು ಅಪರಾಧ. ಪ್ರಾಣಿ ಅಂದ್ರೆ, ಪರವಾನಗಿ ಬೇಕು. ಅರ್ಜಿ ಜೊತೆ ಪ್ರಾಣಿಯ ಫೋಟೋ, ಎದುರಿಂದ ಒಂದು, ಪಕ್ಕದಿಂದ ಒಂದು."

ಟೈಲರಮ್ಮ ಮೊಟ್ಟೆಯನ್ನು ಎದುರಿನಿಂದ ನೋಡಿದಳು. ಪಕ್ಕದಿಂದಲೂ ನೋಡಿದಳು.

"ತೀರ್ಮಾನ ಆಗೋವರೆಗೆ ಫ್ರಿಜ್‌ನಲ್ಲಿಡಿ," ಅಂದರು ನಿರೀಕ್ಷಕರು.

"ಅಯ್ಯೋ, ಸತ್ತು ಹೋಗ್ತವೆ ಸಾರ್!"

"ಸತ್ತರೆ ಆಹಾರ ಅಂತಾಗುತ್ತೆ. ನಮಗೂ ಫೈಲ್ ಮುಗಿಸೋಕೆ ಸುಲಭ."

ಟೈಲರಮ್ಮ ಕಾವುಪೆಟ್ಟಿಗೆಗೆ ಅಡ್ಡ ಬಂದು ನಿಂತಳು. ಧ್ವನಿ ಏರಿಸಲಿಲ್ಲ. "ನಿಮ್ಮ ಮಗಳ ಯೂನಿಫಾರಂ ಇನ್ನೂ ಕತ್ತರಿಸಿಲ್ಲ ಸಾರ್. ಇನ್ನು ಹದಿನೈದು ದಿನಕ್ಕೆ ಸ್ಕೂಲು ಶುರು ಅಲ್ವಾ?" ಅಂದಳು.

ಕಾಲಾವಕಾಶ ನೀಡಲು ನಿಯಮದಲ್ಲಿ ಅವಕಾಶವಿದೆ ಎಂಬುದು ನಿರೀಕ್ಷಕರಿಗೆ ಆಗ ನೆನಪಾಯಿತು. ಪ್ರಯೋಗಾಲಯಕ್ಕೆಂದು ಎರಡು ಮೊಟ್ಟೆಗಳನ್ನು ಮಾದರಿಯಾಗಿ ಕರವಸ್ತ್ರದಲ್ಲಿ ಸುತ್ತಿಕೊಂಡು ಹೋದರು. ಮಾದರಿ ತೃಪ್ತಿಕರವಾಗಿದೆ, ಆದರೆ ಈರುಳ್ಳಿ ಇನ್ನೊಂಚೂರು ಬೇಕಿತ್ತು ಎಂದು ಮಾರನೆಯ ದಿನ ವರದಿ ಬಂತು.

ಉಳಿದ ಹತ್ತಕ್ಕೆ ಕಾವು ಮುಂದುವರಿಯಿತು. ಒಂದು ವಾರ ಕಳೆದ ಮೇಲೆ ಟೈಲರಮ್ಮ ಪರದೆ ಎಳೆದು, ಮೊಟ್ಟೆಯ ಹಿಂದೆ ಟಾರ್ಚ್ ಹಿಡಿದಳು. ಒಳಗೆ ಕೆಂಪು ದಾರದಂಥ ನರಗಳು, ನಡುವೆ ಮಿಡಿಯುವ ಒಂದು ಕಪ್ಪು ಚುಕ್ಕೆ. ಆಕೆ ಅತ್ತೆಯನ್ನು ಕರೆದಳು. ಅಂಚೆಯ ಬಸುರನ್ನು ಆಡಿಕೊಂಡಿದ್ದ ಅತ್ತೆ ಬಹಳ ಹೊತ್ತು ನೋಡಿ, "ಟಾರ್ಚ್ ಆರಿಸೇ, ಕಣ್ಣಿಗೆ ಹೊಡೆಯುತ್ತೆ ಮಗೂಗೆ" ಅಂದರು.

ಅದೇ ವಾರ ಒಂದು ಮಧ್ಯಾಹ್ನ ಕರೆಂಟು ಹೋಯಿತು. ಥರ್ಮಾಮೀಟರು ಇಳಿಯತೊಡಗಿತು. ಟೈಲರಮ್ಮ ಹೊಲಿಗೆ ಬಿಟ್ಟು, ಸೀಸೆಗಳಲ್ಲಿ ಬಿಸಿನೀರು ತುಂಬಿ, ಹತ್ತೂ ಮೊಟ್ಟೆಗಳನ್ನು ಯೂನಿಫಾರಂ ಬಟ್ಟೆಯಲ್ಲಿ ಸುತ್ತಿ, ಮಡಿಲಲ್ಲಿಟ್ಟುಕೊಂಡು ಕಂಬಳಿ ಹೊದ್ದು ಕುಳಿತಳು. ಮಗಳ ಯೂನಿಫಾರಂ ಒಯ್ಯಲು ನಿರೀಕ್ಷಕರು ಬಂದದ್ದು ಆಗಲೇ.

"ಏನ್ ಮಾಡ್ತಿದೀರಮ್ಮಾ?"

"ಕಾವು ಕೂತಿದೀನಿ ಸಾರ್. ಏಳೋಕಾಗಲ್ಲ. ಚೀಲ ಅಲ್ಲಿದೆ, ತಗೊಳ್ಳಿ."

ನಿರೀಕ್ಷಕರ ಮುಖ ಬೆಳಗಿತು. ಆಹಾರ, ಪ್ರಾಣಿ ಎರಡೂ ಅಲ್ಲದ ಮೂರನೆಯ ವರ್ಗವೊಂದು ಅವರಿಗೆ ಸಿಕ್ಕಿತ್ತು. ಮರಿಗಳು ಹುಟ್ಟುವ ಜಾಗ ಹೆರಿಗೆ ಘಟಕ. ಅದಕ್ಕೆ ಫೋಟೋ ಬೇಡ, ತಾಯಿ ಇದ್ದರೆ ಸಾಕು. ಮೊಟ್ಟೆ ಇಟ್ಟ ಕೋಳಿಯ ವಿಳಾಸ ಯಾರಿಗೂ ತಿಳಿಯದು. ಕಾವು ಕೂತವರನ್ನು ಅಧಿಕಾರಿಯೇ ಕಣ್ಣಾರೆ ಕಂಡಿದ್ದಾರೆ. ಹೀಗಾಗಿ ಟೈಲರಮ್ಮ ತಾಯಿ ಎಂದು ದಾಖಲಾಯಿತು. ತಾಯಿಯ ಗಂಡ ತಾನಾಗಿಯೇ ತಂದೆಯಾದರು. ತಂದೆ ನಗರಸಭೆಯ ನೌಕರರಾದ್ದರಿಂದ ಅವರಿಗೆ ಪಿತೃತ್ವ ರಜೆ ತಾನಾಗಿಯೇ ಬಂತು.

"ನನಗೆ ರಜೆ ಇಲ್ವಾ ಸಾರ್?" ಎಂದು ಟೈಲರಮ್ಮ ಕೇಳಿದಳು.

"ನಿಮ್ಮ ಮೇಲಧಿಕಾರಿ ಯಾರು?"

"ಯಾರೂ ಇಲ್ಲ. ನಾನೇ."

"ಹಾಗಾದ್ರೆ ನೀವೇ ಮಂಜೂರು ಮಾಡ್ಕೊಳ್ಳಿ. ನಮ್ಮ ಅಭ್ಯಂತರ ಏನಿಲ್ಲ."

ಗುಮಾಸ್ತರು ರಜೆಯನ್ನು ಶ್ರದ್ಧೆಯಿಂದ ಅನುಭವಿಸಿದರು. ಬೆಳಗ್ಗೆ ತಿಂಡಿ ತಿಂದು ಮಲಗಿದವರು ಊಟಕ್ಕೆ ಏಳುತ್ತಿದ್ದರು. ಟೈಲರಮ್ಮ ಮೊಟ್ಟೆ ಹೊರಳಿಸಿ, ತಟ್ಟೆಗೆ ನೀರು ಹಾಕಿ, ಅಂಗಿಗೆ ಕಾಲರ್ ಕೂರಿಸಿ, ಮತ್ತೆ ಮೊಟ್ಟೆ ನೋಡುತ್ತಿದ್ದಳು. ಒಮ್ಮೆ ಮೊಟ್ಟೆ ಹೊರಳಿಸಲು ಗಂಡನನ್ನು ಕರೆದದ್ದಕ್ಕೆ, "ಬಾಣಂತನದಲ್ಲಿ ಹಿಂಗೆ ಕೆಲಸ ಹೇಳಬಾರದು ಕಣೇ" ಎಂದು ಅವರು ಮಗ್ಗುಲು ಬದಲಿಸಿದರು. ಹೊರಳಿದ್ದು ಅವರೊಬ್ಬರೇ.

ಇಷ್ಟರಲ್ಲಿ ಕಡತ ಅಧ್ಯಕ್ಷರ ಮೇಜಿಗೆ ಹೋಯಿತು. ನಗರಸಭೆಯ ಅಧ್ಯಕ್ಷರು ಚುನಾವಣೆಯಲ್ಲಿ ಊರಿಗೊಂದು ಹೆರಿಗೆ ಆಸ್ಪತ್ರೆ ಮಾಡಿಸುತ್ತೇನೆಂದು ಮಾತು ಕೊಟ್ಟಿದ್ದರು. ಆಸ್ಪತ್ರೆಗೆಂದು ತೆಗೆದ ಪಾಯದಲ್ಲಿ ಈಗ ಎಮ್ಮೆಗಳು ಮೀಯುತ್ತಿದ್ದವು. ಬಸುರಿಯರು ನೋವು ತಿನ್ನುತ್ತ ಆಟೋ ಹತ್ತಿ ಪಕ್ಕದ ಊರಿಗೆ ಹೋಗುತ್ತಿದ್ದರು. ಕೆಲವರು ದಾರಿಯಲ್ಲೇ ಹೆರುತ್ತಿದ್ದರು. ಕಡತದಲ್ಲಿ 'ಹೆರಿಗೆ ಘಟಕ, ಸಾಮರ್ಥ್ಯ ಹತ್ತು' ಎಂದು ಓದಿದ ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿಕೊಂಡರು. "ಇಷ್ಟು ದೊಡ್ಡ ಕೆಲಸ ಆಗಿದೆ, ನನಗೆ ಯಾರೂ ಹೇಳೇ ಇಲ್ಲವಲ್ರೀ!" ಅಂದರು.

ಮೂರು ದಿನದಲ್ಲಿ ಪ್ರಕಟಣೆ ಹೊರಬಿತ್ತು:

"ಸಾರ್ವಜನಿಕರ ಬಹುದಿನದ ಬೇಡಿಕೆಯಾದ ಹತ್ತು ಹಾಸಿಗೆಗಳ ಹೆರಿಗೆ ಘಟಕವನ್ನು ಮಾನ್ಯ ಅಧ್ಯಕ್ಷರು ಮುಂದಿನ ಶುಕ್ರವಾರ ಲೋಕಾರ್ಪಣೆ ಮಾಡಲಿದ್ದಾರೆ. ಮೊದಲ ಹೆರಿಗೆಯು ಅವರ ಅಮೃತಹಸ್ತದಿಂದಲೇ ನೆರವೇರಲಿದೆ. ಅದಕ್ಕೂ ಮುನ್ನ ಘಟಕದಲ್ಲಿ ಯಾರೂ ಹುಟ್ಟತಕ್ಕದ್ದಲ್ಲ."

"ಮರಿ ಬುಧವಾರ ಹೊರಗೆ ಬರುತ್ತೆ ಸಾರ್," ಅಂದಳು ಟೈಲರಮ್ಮ.

"ಬುಧವಾರ ಅಧ್ಯಕ್ಷರು ಊರಲ್ಲಿರಲ್ಲ," ಅಂದರು ನಿರೀಕ್ಷಕರು. "ಮರಿಗಳಿಗೆ ತಿಳಿಸಿ ಹೇಳಿ."

ಮರಿಗಳು ಪ್ರಕಟಣೆಯನ್ನು ಓದಿರಲಿಲ್ಲ. ಬುಧವಾರ ಬೆಳಗ್ಗೆ ಒಂದು ಚಿಪ್ಪಿನ ಮೇಲೆ ಸೂಜಿ ಚುಚ್ಚಿದಷ್ಟು ತೂತು ಕಂಡಿತು. ತೂತು ಬಿರುಕಾಯಿತು. ಚಿಪ್ಪು ಎರಡು ಹೋಳಾಗಿ ತೆರೆದು, ಒದ್ದೆ ಮುದ್ದೆಯೊಂದು ಹೊರಗುರುಳಿ ದಣಿದು ಮಲಗಿತು. ಸಹಾಯ ಮಾಡಲು ಕೈ ತುಡಿದರೂ ಮುಚ್ಚಳ ತೆರೆಯುವ ಹಾಗಿರಲಿಲ್ಲ. ತೆರೆದರೆ ಒಳಗಿನ ತೇವ ಆರಿ ಉಳಿದವು ಚಿಪ್ಪಿನಲ್ಲೇ ಸಿಕ್ಕಿಕೊಳ್ಳುತ್ತವೆ. ಟೈಲರಮ್ಮ ಎರಡೂ ಕೈ ಸೆರಗಿನೊಳಗೆ ಕಟ್ಟಿಕೊಂಡು ಕುಳಿತಳು. ಅತ್ತೆ, "ಮುಕ್ಕು, ಇನ್ನೊಂದ್ಸಲ ಮುಕ್ಕು" ಎಂದು ಹೆರುವವಳಿಗೆ ಹೇಳುವಂತೆ ಗಾಜಿಗೆ ಮುಖವಿಟ್ಟು ಹೇಳುತ್ತಿದ್ದರು. ಸಂಜೆಯ ಹೊತ್ತಿಗೆ ಏಳು ಹೂಮರಿಗಳಾದವು. ಉಳಿದ ಮೂರನ್ನು ಟೈಲರಮ್ಮ ಮಾರನೆಯ ದಿನದವರೆಗೂ ಬಿಡಲಿಲ್ಲ, ಆಗಾಗ ಗಾಜಿಗೆ ಕಿವಿ ಹಚ್ಚಿ ಕೇಳಿದಳು. ಆಮೇಲೆ ಒಂದು ಹೊಸ ಬಿಳಿ ತುಂಡಿನಲ್ಲಿ ಸುತ್ತಿ ಹಿತ್ತಲಲ್ಲಿ ಹೂತಳು. ತಂದೆಯವರು ನಿದ್ದೆಯಲ್ಲಿದ್ದರು.

ಹುಟ್ಟಿದ ಸುದ್ದಿ ಕೇಳಿ ನಿರೀಕ್ಷಕರು ಓಡಿಬಂದರು. "ಶುಕ್ರವಾರದವರೆಗೆ ಇವು ಹುಟ್ಟಿಲ್ಲ," ಎಂದು ಏಳೂ ಮರಿಗಳನ್ನು ಉದ್ದೇಶಿಸಿ ಹೇಳಿ ಹೋದರು.

ಶುಕ್ರವಾರ ಬೀದಿಯಲ್ಲಿ ಶಾಮಿಯಾನ ಎದ್ದಿತು. ಕಾವುಪೆಟ್ಟಿಗೆಯಲ್ಲಿ ಬೀದಿ ಕೊನೆಯ ಅಂಗಡಿಯಿಂದ ತಂದ ಹತ್ತು ಮೊಟ್ಟೆಗಳನ್ನು ಜೋಡಿಸಿದರು. ಮರಿಗಳನ್ನು ಬುಟ್ಟಿಯಲ್ಲಿ ಹಾಕಿ ಪರದೆಯ ಹಿಂದೆ ಇಟ್ಟರು. ಅವು ಚಿಂವ್‌ಗುಟ್ಟಿದಾಗಲೆಲ್ಲ ನಿರೀಕ್ಷಕರು ಮೈಕಿನಲ್ಲಿ, "ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡಬೇಕಾಗಿದೆ" ಎಂದು ತಿಳಿಸುತ್ತಿದ್ದರು.

ಅಧ್ಯಕ್ಷರು ರಿಬ್ಬನ್ ಕತ್ತರಿಸಿ, ಕ್ಯಾಮೆರಾ ಕಡೆ ನೋಡುತ್ತ, ಒಂದು ಮೊಟ್ಟೆ ಎತ್ತಿ ಮೇಜಿನ ಅಂಚಿಗೆ ಕುಟ್ಟಿದರು. ಹಳದಿ ಅವರ ಮಣಿಕಟ್ಟಿನಿಂದ ಇಳಿದು ಬಿಳಿಯ ಅಂಗಿಯ ತೋಳಿನೊಳಗೆ ಹೋಯಿತು.

"ಮಗು ದ್ರವರೂಪದಲ್ಲಿದೆ," ಎಂದು ನಿರೀಕ್ಷಕರು ಘೋಷಿಸಿದರು. "ಆರೋಗ್ಯವಾಗಿದೆ."

ಚಪ್ಪಾಳೆ ಬಿತ್ತು. ಮೊದಲು ತಟ್ಟಿದವರು ರಜೆಯ ಮೇಲಿದ್ದ ತಂದೆ.

ಅಂದಿನಿಂದ ಊರಿಗೆ ಹೆರಿಗೆ ಆಸ್ಪತ್ರೆ ಬೇಕೆಂಬ ಬೇಡಿಕೆ ಈಡೇರಿದಂತಾಗಿ, ಪಾಯವನ್ನು ಎಮ್ಮೆಗಳಿಗೆ ಶಾಶ್ವತವಾಗಿ ಬಿಟ್ಟುಕೊಡಲಾಯಿತು. ಟೈಲರಮ್ಮನ ಬಾಗಿಲ ಮೇಲೆ 'ಹೆರಿಗೆ ಘಟಕ' ಎಂಬ ನೀಲಿ ಫಲಕ ಬಂತು. ಮರಿಗಳಿಗೆ ಗರಿ ಮೂಡಿತು. ಒಂದೊಂದು ಗರಿಗೂ ಕರಿಯ ಪೈಪಿಂಗ್ ನೀಟಾಗಿ ಕೂತಿತ್ತು. ಟೈಲರಮ್ಮ ದಿನಕ್ಕೊಮ್ಮೆಯಾದರೂ ಹೊಲಿಗೆ ನಿಲ್ಲಿಸಿ ಅದನ್ನೇ ನೋಡುತ್ತ ಕೂರುತ್ತಿದ್ದಳು.

ಹೀಗಿರಲು ಒಂದು ಬೆಳಗ್ಗೆ, ತಳ್ಳುಗಾಡಿಯಲ್ಲಿ ಹಣ್ಣು ಮಾರುವವನ ಹೆಂಡತಿಗೆ ನೋವು ಶುರುವಾಯಿತು. ಪಕ್ಕದ ಊರಿಗೆ ಹೋಗಲು ಆಟೋ ಸಿಗಲಿಲ್ಲ. ಅವನು ನಗರಸಭೆಗೆ ಓಡಿದ. "ಊರಲ್ಲೇ ಹತ್ತು ಹಾಸಿಗೆ ಇರುವಾಗ ಹೊರಗೆ ಯಾಕಯ್ಯ ಹೋಗ್ತೀಯ?" ಎಂದು ಅಲ್ಲಿ ಬೈದರು. ಅವನು ಹೆಂಡತಿಯನ್ನು ತಳ್ಳುಗಾಡಿಯ ಮೇಲೆ ಮಲಗಿಸಿಕೊಂಡು ನೀಲಿ ಫಲಕದ ಮುಂದೆ ಬಂದು ನಿಂತ.

ಟೈಲರಮ್ಮ ಒಂದು ಕ್ಷಣ ಅವಳ ಮುಖ ನೋಡಿದಳು. ಫಲಕದ ಕಡೆ ನೋಡಲಿಲ್ಲ. ಮೇಜಿನ ಮೇಲಿನ ಬಟ್ಟೆ, ಕತ್ತರಿ, ಕಾವುಪೆಟ್ಟಿಗೆ ಎಲ್ಲವನ್ನೂ ತೋಳಿನಿಂದ ಒಂದೇ ಸಲ ಸರಿಸಿ, "ಅತ್ತೇ, ನೀರು ಕಾಯಿಸಿ!" ಎಂದು ಕೂಗಿದಳು. ಅತ್ತೆ ಕಚ್ಚೆ ಕಟ್ಟಿ ನಿಂತರು. ಮಧ್ಯಾಹ್ನದ ಹೊತ್ತಿಗೆ, ಮೇಜಿನ ಕೆಳಗೆ ಏಳು ಕೋಳಿಗಳು ಓಡಾಡುತ್ತಿರುವಾಗ, ಹೆಣ್ಣು ಮಗು ಹುಟ್ಟಿ ಜೋರಾಗಿ ಅತ್ತಿತು. ತಾಯಿ, ಮಗು ಇಬ್ಬರೂ ಕ್ಷೇಮ. ಹೊಕ್ಕುಳಬಳ್ಳಿ ಕಟ್ಟಿದ್ದು ಬಿಸಿನೀರಿನಲ್ಲಿ ಕುದಿಸಿದ ಹೊಲಿಗೆ ದಾರದಿಂದ.

ಘಟಕದಲ್ಲಿ ಹುಟ್ಟಿದವರ ಜನನ ಪತ್ರ ಘಟಕದ ನಮೂನೆಯಲ್ಲೇ ಇರಬೇಕಾದ್ದರಿಂದ, ಹಣ್ಣಿನವನಿಗೆ ಸಿಕ್ಕ ಪತ್ರದಲ್ಲಿ ಹೀಗಿತ್ತು: ಲಿಂಗ: ಹೇಂಟೆ. ತಳಿ: ನಾಟಿ. ಪುಕ್ಕ: ಇನ್ನೂ ಬಂದಿಲ್ಲ. ಕೊಕ್ಕು: ಸಾಧಾರಣ.

ಹಣ್ಣಿನವನು ಪತ್ರವನ್ನು ಎರಡು ಸಲ ಓದಿ, ಮೆತ್ತಗೆ ನಿರೀಕ್ಷಕರ ಮೇಜಿನ ಹತ್ತಿರ ಹೋದ.

"ಸಾರ್, ಒಂದು ತಪ್ಪಾಗಿದೆ."

"ಏನಯ್ಯಾ ತಪ್ಪು?"

"ಕೊಕ್ಕು ಅಂದ್ರೆ ಮೂಗು ತಾನೇ ಸಾರ್?"

"ಹೌದು."

"ಸಾಧಾರಣ ಅಂತ ಹಾಕಿದೀರಿ. ನಮ್ಮಮ್ಮನ ಮೂಗು ಬಂದಿದೆ ಸಾರ್ ಮಗೂಗೆ. ಚೂಪಾಗಿದೆ. ನೋಡಿದವರೆಲ್ಲ ಹೇಳ್ತಾರೆ."

"ತಿದ್ದುಪಡಿಗೆ ಅರ್ಜಿ ಕೊಡು. ಮಗೂನ ಕರ್ಕೊಂಡು ಬಾ, ಪರಿಶೀಲಿಸ್ತೀವಿ."

ಅವನು ಮಗುವನ್ನು ಹೆಗಲಿಗೆ ಹಾಕಿಕೊಂಡು ಬಂದು ಸಾಲಿನಲ್ಲಿ ನಿಂತ. ಅವನ ಮುಂದೆಯೂ ಹಿಂದೆಯೂ ನಿಂತವರು ಮಗುವಿನ ಕೊಕ್ಕು ನೋಡಿ, ಚೂಪು ಎಂಬುದರಲ್ಲಿ ಎರಡು ಮಾತಿಲ್ಲ ಅಂದರು. ನಿರೀಕ್ಷಕರೂ ಬೆರಳಿನಿಂದ ಮುಟ್ಟಿ ನೋಡಿ, ಒಪ್ಪಿ, 'ಸಾಧಾರಣ' ಎಂಬುದನ್ನು ಹೊಡೆದುಹಾಕಿ 'ಚೂಪು' ಎಂದು ಬರೆದು ಮೊಹರು ಒತ್ತಿದರು.

"ಈಗ ಸರಿಯಾಯ್ತು," ಎಂದು ಕೈ ಮುಗಿದು ಹಣ್ಣಿನವನು ಮನೆಗೆ ಹೋದ.