ಪಿಕಪ್ಪಿನ ಗುಂಡು ಮತ್ತು ನನ್ನ ಲಗ್ನ

ಹಳೆಯ ಗಾಡಿ ಇಟ್ಟುಕೊಂಡವನು ನಗೋದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ. ಕೀಲಿ ತಿರುವಿದರೆ ಸಾಕು, ಏನಾದರೊಂದು ಆಗಿಯೇ ಆಗುತ್ತದೆ. ಎಪ್ಪತ್ತರ ದಶಕದಲ್ಲಿ, ವಿಜಯಪುರಕ್ಕೆ ಇನ್ನೂ ವಿಜಾಪುರ ಅನ್ನುತ್ತಿದ್ದ ಕಾಲದಲ್ಲಿ, ಗೋಳಗುಮ್ಮಟದ ಹತ್ತಿರ ನಮ್ಮದೊಂದು ಅಂಗಡಿ ಇತ್ತು. ಲಗ್ನಕ್ಕೆ ಭಾಂಡೆ ಸಾಮಾನು, ಶಾಮಿಯಾನ ಬಾಡಿಗೆಗೆ ಕೊಡುವ ಅಂಗಡಿ. ಮಾಲೀಕ ನನ್ನ ಸೋದರಮಾವ. ನಾನು ಡ್ರೈವರು, ಹಮಾಲ, ಮಾಮಾ ಖುಷಿಯಲ್ಲಿದ್ದ ದಿನ ಅರ್ಧ ಮಾಲೀಕ.

ಸಾಮಾನು ಹೊರಲು ಒಂದು ಪಿಕಪ್ಪು ಇತ್ತು. ಮಿಲ್ಟ್ರಿಯವರು ಸಾಕಾಗಿ ಬಿಟ್ಟದ್ದನ್ನು ಯಾರೋ ಕೊಂಡು, ಅವರಿಗೂ ಸಾಕಾದ ಮೇಲೆ ಮಾಮಾ ಕೊಂಡಿದ್ದ. ಮುಂದಿನಿಂದ ನೋಡಿದವರು ಅದಕ್ಕೆ ಒಂದು ಕಂಪನಿಯ ಹೆಸರು ಹೇಳುತ್ತಿದ್ದರು, ಹಿಂದಿನಿಂದ ನೋಡಿದವರು ಇನ್ನೊಂದು. ಅದರ ಹಿಂದಿನ ಎರಡು ಗಾಲಿಗಳ ನಡುವೆ ಆಕ್ಸಲ್, ಆಕ್ಸಲ್ಲಿನ ನಟ್ಟನಡುವೆ ಹಲ್ಲುಚಕ್ರ ತುಂಬಿದ ಒಂದು ಗುಂಡು. ಆ ಗುಂಡಿನ ದೆಸೆಯಿಂದ ನನ್ನ ಲಗ್ನ ತಪ್ಪುವುದರಲ್ಲಿತ್ತು.

ಉದ್ದನೆಯ ಹೊಲ

ತಿಕೋಟಾದಲ್ಲಿ ಒಂದು ಲಗ್ನಕ್ಕೆ ಸಾಮಾನು ಕೊಟ್ಟಿದ್ದೆವು. ಅಲ್ಲಿ ಪಂಕ್ತಿಯಲ್ಲಿ ಹೋಳಿಗೆ ಬಡಿಸುತ್ತಿದ್ದ ಬಬಲೇಶ್ವರದ ಹುಡುಗಿಯೊಬ್ಬಳು, ನಾನು ಬೇಡ ಬೇಡ ಅನ್ನುತ್ತಿದ್ದರೂ ಕೇಳದೆ ಎಲೆಗೆ ಇನ್ನೊಂದು ಹೋಳಿಗೆ ಹಾಕಿ ನಕ್ಕು ಹೋದಳು. ನಾನು ಅಲ್ಲೇ ಬಿದ್ದೆ. ಮಾಮಾ ಸುದ್ದಿ ತೆಗೆದ. ಹುಡುಗಿಯ ಅಜ್ಜ ಆ ಲಗ್ನಕ್ಕೇ ಬಂದಿದ್ದರು. "ಹುಡುಗನ್ನ ನೋಡಿದಂಗೂ ಆತು, ಊರ ಬಸ್ಸು ಮುಟ್ಟಿದಂಗೂ ಆತು" ಅಂತ ವಿಜಾಪುರದವರೆಗೆ ನಮ್ಮ ಗಾಡಿಯಲ್ಲೇ ಬರುತ್ತೇನೆಂದರು.

ಅಜ್ಜನನ್ನು ನನ್ನ ಪಕ್ಕದಲ್ಲಿ ಕೂಡಿಸಿಕೊಂಡೆ. ಮಾಮಾ ಹಿಂದೆ ಕೊಪ್ಪರಿಗೆಗಳ ನಡುವೆ ಕೂತ. ತಿಕೋಟಾ ದಾಟಿ ಏರು ಬಂದಾಗ ಗುಂಡಿನೊಳಗೆ ಕಟಕ್ ಅಂದಿತು. ಎಂಜಿನ್ ಒದರುತ್ತಿತ್ತು, ಗಾಡಿ ಮಾತ್ರ ಒಂದು ಗೇಣು ಮುಂದೆ ಹೋಗಲಿಲ್ಲ. ಒಳಗೆ ಹಲ್ಲು ಮುರಿದಿದ್ದವು. ಹೆಣ್ಣಿನ ಅಜ್ಜನ ಮುಂದೆ ಗಾಡಿ ಕೆಟ್ಟಿದೆ ಅಂತ ಹೇಳುವುದು ಹೇಗೆ? ಒಂದು ಕಾಲು ಬ್ರೇಕಿನ ಮೇಲೆ, ಇನ್ನೊಂದು ಕಾಲು ಎಕ್ಸಲೇಟರಿನ ಮೇಲೆ ಇಟ್ಟು, ಸ್ಟೇರಿಂಗ್ ಆಚೆ ಈಚೆ ತಿರುವುತ್ತಾ ಕೂತೆ. ಅಜ್ಜ ಕಿಟಕಿಗೆ ಮೊಳಕೈ ಊರಿ ಹೊರಗಿನ ಜೋಳ ನೋಡುತ್ತಿದ್ದರು. ಬಹಳ ಹೊತ್ತಾದ ಮೇಲೆ ನನ್ನ ಕಡೆ ತಿರುಗಿದರು.

"ತಮ್ಮಾ, ಈ ಹೊಲ ಭಾಳ ಉದ್ದ ಐತಲ್ಲೋ. ಯಾರದು?"

ನಿಜ ಹೇಳಲೇಬೇಕಾಯಿತು. ಅಜ್ಜ ರುಮಾಲು ಬೀಳುವ ಹಾಗೆ ನಕ್ಕರು. ನಕ್ಕು ಮುಗಿದ ಮೇಲೆ ಗಂಭೀರವಾದರು. "ಹುಡುಗ ಪಾಸ್, ಗಾಡಿ ನಾಪಾಸ್. ಒಂದು ಗಾಡಿ ನೆಟ್ಟಗ ಇಟ್ಕೊಳ್ಳಾಕ ಬರಲಾರದಾಂವ ನನ್ನ ಮೊಮ್ಮಗಳನ್ನ ಹೆಂಗ ಇಟ್ಕೋತಾನ? ನಿಬ್ಬಣ ಇದ ಗಾಡ್ಯಾಗ ಬರ್ಬೇಕು. ನಡುದಾರ್ಯಾಗ ನಿಂದರಬಾರ್ದು. ನಿಂತ್ರ ಹಂಗ ಹೊಳ್ಳಿ ಹೋಗ್ರಿ."

ಅಷ್ಟು ಹೇಳಿ ಹಿಂದಿನಿಂದ ಬಂದ ಎತ್ತಿನ ಗಾಡಿ ಹತ್ತಿ ಕೂತರು. ಅದರ ಹಿಂದೆಯೇ ಹಗ್ಗ ಕಟ್ಟಿ ನಮ್ಮ ಪಿಕಪ್ಪನ್ನೂ ಎಳೆಸಿಕೊಂಡು ಬಂದೆವು.

ಯಾವ ಕಂಪನಿ

ಗುಮ್ಮಟದ ರಸ್ತೆಯಲ್ಲಿ ಒಬ್ಬ ಮಿಸ್ತ್ರಿ ಇದ್ದರು. ಊರೆಲ್ಲ ಅವರಿಗೆ ಚಾಚಾ ಅನ್ನುತ್ತಿತ್ತು. ಕೈ ಒಳ್ಳೆಯದು, ಮನಸ್ಸು ಇನ್ನೂ ಒಳ್ಳೆಯದು. ಗೊತ್ತಿಲ್ಲ ಅನ್ನುವ ಮಾತು ಮಾತ್ರ ಅವರ ಬಾಯಿಂದ ಹೊರಡುತ್ತಿರಲಿಲ್ಲ. ಮಾಮಾ ಕಥೆ ಎಲ್ಲಾ ಹೇಳಿ, "ಇದಕ್ಕಿಂತ ಗಟ್ಟಿ ಆಕ್ಸಲ್ ಕೂಡಿಸ್ರಿ ಚಾಚಾ, ಹುಡುಗನ ಬಾಳೇವು ಇದರ ಮ್ಯಾಲೆ ನಿಂತೈತಿ" ಅಂದ.

"ಗಟ್ಟೀದು ಕೂಡಿಸೂಣು. ಮೊದ್ಲ ಇದು ಯಾವುದಂತ ಗೊತ್ತಾಗ್ಬೇಕಲ್ರಿ ಸಾವಕಾರ್ರ. ಗುಂಡಿನ ಮ್ಯಾಲೆ ಕಂಪನಿ ಹೆಸರು ಇರತೈತಿ" ಅಂದರು ಚಾಚಾ.

ಗುಂಡಿನ ಮೇಲೆ ಗ್ರೀಸು, ಗ್ರೀಸಿನ ಮೇಲೆ ಮಣ್ಣು, ಮಣ್ಣಿನ ಮೇಲೆ ಮತ್ತೆ ಗ್ರೀಸು. ಮೂವರೂ ಕುರುಪಿ ಹಿಡಿದು ಗಾಡಿಯ ಕೆಳಗೆ ಮಲಗಿ ಕೆರೆದೆವು. "ಇನ್ನೊಂದಿಷ್ಟು ಕೆರದ್ರ ಬಾದಶಾನ ಕಾಲದ ಮಣ್ಣು ಸಿಗತೈತಿ" ಅಂದ ಮಾಮಾ. ಕಡೆಗೆ ಗುಂಡಿನ ಹಿಂದಿನ ಮುಚ್ಚಳ ಕಂಡಿತು. ಫಳಫಳ ಹೊಳೆಯುತ್ತಿತ್ತು. ಅದರ ಮೇಲೆ ಚುಕ್ಕಿ ಚುಕ್ಕಿಯಾಗಿ ಅಕ್ಷರ ಹೊಡೆದಿದ್ದರು.

"ಹೇಳಿದ್ನಿಲ್ಲೇನು! ಓದು ಬೇಟಾ, ನನ್ನ ಚಾಳೀಸು ಮನ್ಯಾಗ ಉಳದೈತಿ."

ನಾನು ಬಟ್ಟೆಯಿಂದ ಒರೆಸಿ ಓದಿದೆ: "ಸೋದರಮಾವನ ಕಾಣಿಕೆ."

ಹಿಂದಿನ ಮಾಲೀಕ ಮುಚ್ಚಳ ಒಡೆದಾಗ ಮನೆಯಲ್ಲಿದ್ದ ಲಗ್ನದ ಸ್ಟೀಲ್ ತಾಟಿಗೆ ತೂತು ಕೊರೆದು ಬೋಲ್ಟು ಹಾಕಿಸಿದ್ದ. ಮಾಮಾ ತಕ್ಷಣ ತಾಟನ್ನು ಬಡಿದು ನೋಡಿ, ನಮ್ಮ ಅಂಗಡಿಯದಲ್ಲ ಅಂತ ಖಾತ್ರಿ ಮಾಡಿಕೊಂಡ. ಚಾಚಾ ಗಡ್ಡ ನೀವಿಕೊಂಡರು.

"ಕಂಪನಿ ಸಿಕ್ಕಿತು ಬಿಡ್ರಿ ಸಾವಕಾರ್ರ. ಇದು ವಿಲಾಯತಿ ಮಾಲ್ ಅಲ್ಲ. ಯಾರದೋ ಮಾಮಾನ ಮನೀದು."

ಟವೆಲ್ಲಿನ ಫಜೀತಿ

ಗುಜರಿಯಲ್ಲಿ ಒಂದು ದಪ್ಪ ಆಕ್ಸಲ್ ಸಿಕ್ಕಿತು. ಕೊಳ್ಳುವ ಮೊದಲು ಒಂದು ಪರೀಕ್ಷೆ ಮಾಡಬೇಕೆಂದರು ಚಾಚಾ. ಗಾಲಿ ಒಂದು ಸುತ್ತು ಬರಲು ಗುಂಡಿನ ಮುಂದಿನ ಸರಳು ಎಷ್ಟು ಸುತ್ತು ತಿರುಗಬೇಕು ಅಂತ ಎಣಿಸುವುದು. ಕಡಿಮೆ ತಿರುಗಿದರೆ ಗಾಡಿ ಏರು ಹತ್ತುವುದಿಲ್ಲ, ವಿಪರೀತ ತಿರುಗಿದರೆ ಹತ್ತುತ್ತದೆ, ಆದರೆ ಎಮ್ಮೆಗಳು ಅದನ್ನು ದಾಟಿ ಹೋಗುತ್ತವೆ. ಸರಳಿಗೆ ಸುಣ್ಣದ ಗೆರೆ ಎಳೆದರು. ನಾನು ತಿರುವಬೇಕು, ಮಾಮಾ ಎಣಿಸಬೇಕು.

ಆದರೆ ಗುಜರಿ ಇದ್ದದ್ದು ರಸ್ತೆಯ ಮೇಲೆ, ಮಾಮಾನ ಗುರುತು ಇದ್ದದ್ದು ಇಡೀ ಜಿಲ್ಲೆಗೆ. ಎರಡು ಅನ್ನುವಷ್ಟರಲ್ಲಿ "ನಮಸ್ಕಾರ್ರಿ, ಆರಾಮ?" ಮಾಮಾ, "ಆರಾಮ್ರಿ, ಮನ್ಯಾಗ ಎಲ್ಲಾರೂ?" ಮತ್ತೆ ಮೊದಲಿನಿಂದ. ಮೂರು ಅನ್ನುವಷ್ಟರಲ್ಲಿ "ಚಾ ಆತೇನ್ರಿ?" ನಮ್ಮ ಕಡೆ ಇಂಥ ಮಾತಿಗೆ ಉತ್ತರ ಕೊಡದಿದ್ದರೆ ಸೊಕ್ಕು ಬಂದಿದೆ ಅನ್ನುತ್ತಾರೆ. ಬಿಸಿಲು ನೆತ್ತಿಗೆ ಬಂದರೂ ಲೆಕ್ಕ ಮೂರು ದಾಟಲಿಲ್ಲ.

ಚಾಚಾ ಸಿಟ್ಟಿಗೆದ್ದು, "ಸಾವಕಾರ್ರ, ಆ ಟವೆಲ್ ಮಾರಿ ಮ್ಯಾಲೆ ಹಾಕ್ಕೊಳ್ರಿ. ಯಾರೂ ಗುರುತ ಹಿಡಿಯಂಗಿಲ್ಲ" ಅಂದರು. ಮಾಮಾ ಟವೆಲ್ ತಲೆಯ ಮೇಲಿಂದ ಇಳಿಬಿಟ್ಟು, ತಲೆ ತಗ್ಗಿಸಿ ಆಕ್ಸಲ್ಲಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತ. ಒಂದು, ಎರಡು, ಮೂರು, ನಾಲ್ಕು. ನನಗೆ ಖುಷಿಯಾಯಿತು. ತಲೆ ಎತ್ತಿ ನೋಡಿದರೆ ಸುತ್ತ ಜನ ನಿಂತಿದ್ದರು. ಎಲ್ಲರ ಮುಖವೂ ಸಣ್ಣದಾಗಿತ್ತು. ಒಬ್ಬರು ಮುಂದೆ ಬಂದು ಮಾಮಾನ ಬೆನ್ನ ಮೇಲೆ ಕೈ ಇಟ್ಟರು.

"ಸಮಾಧಾನ ಮಾಡ್ಕೋರಿ. ಯಾವಾಗ ತೀರಕೊಂಡ್ರು?"

ಒಳ್ಳೆಯ ಸ್ವಭಾವದ ಸಾಮಾನು

ಅಂತೂ ಲೆಕ್ಕ ಕೂಡಿತು. ಆಕ್ಸಲ್ ಗ್ಯಾರೇಜಿಗೆ ಬಂತು. ಅದರ ಹಣ ಮಾಮಾನೇ ಕೊಟ್ಟ, ನನ್ನ ಲಗ್ನಕ್ಕೆ ಅವನ ಕಡೆಯ ಉಡುಗೊರೆ. ಸುಮ್ಮನೆ ಕೊಡುವವನಲ್ಲ. ನಮ್ಮ ಭಾಂಡೆಗಳಿಗೆ ಹೆಸರು ಹೊಡೆಯುವವನನ್ನು ಕರೆಸಿ, ಆಕ್ಸಲ್ಲಿನ ಬೆನ್ನಿನ ಮೇಲೆ "ಸೋದರಮಾವನ ಕಾಣಿಕೆ" ಅಂತ ಹೊಡೆಸಿದ.

ಚಾಚಾ ಗುಂಡನ್ನು ಬಿಚ್ಚಿ, ತೊಳೆದು, ಎಣ್ಣೆ ಹಾಕಿ ಮತ್ತೆ ಕೂಡಿಸಿದರು. ಅದರ ಬೋಲ್ಟಿನ ತೂತುಗಳು ದುಂಡಗೆ ಒಂದೇ ಸಮ ಇದ್ದವು. ಚಾಚಾ ಬೆರಗಾದರು. "ಹೆಂಗ ಇಟ್ರೂ ಹಂಗ ಕೂಡತೈತಿ ನೋಡ್ರಿ. ಇಂಥಾ ಒಳ್ಳೇ ಸ್ವಭಾವದ ಸಾಮಾನು ನನ್ನ ಜನ್ಮದಾಗ ನೋಡಿಲ್ಲ."

"ಹುಡುಗೀನೂ ಹಿಂಗ ಇರಲಿ" ಅಂದ ಮಾಮಾ.

ಲಗ್ನದ ಹಿಂದಿನ ದಿನ ಜಾಕ್ ಹಚ್ಚಿ, ಹಿಂದಿನ ಗಾಲಿ ಎತ್ತಿ, ಎಂಜಿನ್ ಶುರು ಮಾಡಿ ಗೇರ್ ಹಾಕಿದರು. ಸಪ್ಪಳವಿಲ್ಲ, ಅದುರಾಟವಿಲ್ಲ, ಗಾಲಿಗಳು ಬೆಣ್ಣೆಯ ಹಾಗೆ ತಿರುಗಿದವು. ತೆಂಗಿನಕಾಯಿ ಒಡೆದು, ಬಂಪರಿಗೆ ಲಿಂಬೆಹಣ್ಣು ಕಟ್ಟಿದೆವು. ಗಾಲಿ ತಿರುಗುವುದನ್ನು ಊರೇ ನೋಡಿತು. ಯಾವ ಕಡೆ ತಿರುಗುತ್ತಿವೆ ಅಂತ ನೋಡುವ ಬುದ್ಧಿ ಒಬ್ಬರಿಗೂ ಬರಲಿಲ್ಲ.

ನಿಬ್ಬಣ

ಮರುದಿನ ಬೆಳಿಗ್ಗೆ ಗಾದಿ ಹಾಸಿದ ಪಿಕಪ್ಪಿನ ಹಿಂದೆ ಬಾಸಿಂಗ ಕಟ್ಟಿಕೊಂಡು ನಾನು ಕೂತೆ. ಪಕ್ಕದಲ್ಲಿ ಹೊಸ ಟೋಪಿಯ ಚಾಚಾ, ಸುತ್ತ ನಮ್ಮವರು, ಸ್ಟೇರಿಂಗಿಗೆ ಮಾಮಾ. ಮುಂದೆ ದಾರಿ ಖುಲ್ಲಾ ಇತ್ತು. ಬಾಜಾದವರು ಹಿಂದೆ ನಿಂತು ಬಾರಿಸುತ್ತಿದ್ದರು. ಮಾಮಾ ದೇವರ ಹೆಸರು ಹೇಳಿ ಮೊದಲನೇ ಗೇರ್ ಹಾಕಿದ. ಗಾಡಿ ಹಿಂದಕ್ಕೆ ಹೋಗಿ ಬಾಜಾದವರ ಮೇಲೆ ನುಗ್ಗಿತು. ಅವರು ಡೊಳ್ಳು ಬಿಟ್ಟು ಓಡಿದರು. ಮಾಮಾ ಗಾಬರಿಯಾಗಿ ಎರಡನೇ ಗೇರ್ ಹಾಕಿದ. ಇನ್ನೂ ಜೋರಾಗಿ ಹಿಂದಕ್ಕೆ ಹೋಯಿತು. ಕಡೆಗೆ ರಿವರ್ಸ್ ಹಾಕಿದ. ಗಾಡಿ ಶಾಂತವಾಗಿ ಮುಂದೆ ಹೊರಟಿತು.

ಎಲ್ಲರೂ ಚಾಚಾನ ಮುಖ ನೋಡಿದೆವು.

"ಗುಂಡು ತಲಿಕೆಳಗ ಕುಂತೈತಿ" ಅಂದರು ಚಾಚಾ. ಮತ್ತೆ ತಾವೇ ಮೆಲ್ಲಗೆ, "ಸ್ವಭಾವ ಒಳ್ಳೇದ ಐತಿ, ಖರೆ."

ಬಿಚ್ಚಿ ಕೂಡಿಸಲು ಅರ್ಧ ದಿನ ಬೇಕು. ಅಷ್ಟರಲ್ಲಿ ಅಕ್ಕಿಕಾಳು ಹಾಕುವ ಮುಹೂರ್ತ ಮೀರುತ್ತದೆ. ರಿವರ್ಸಿನಲ್ಲೇ ಮುಂದೆ ಹೊರಟೆವು. ಊರ ಅಂಚು ಮುಟ್ಟುವಷ್ಟರಲ್ಲಿ ಎಂಜಿನ್ ಕುದಿಯುತ್ತಿತ್ತು, ಕುರಿ ಹಿಂಡೊಂದು ನಮ್ಮನ್ನು ದಾಟಿ ಹೋಯಿತು. ನನ್ನ ಕಣ್ಣಲ್ಲಿ ನೀರು ಬಂತು. ಹೋಳಿಗೆ ಬಡಿಸಿದ ಹುಡುಗಿ ಕೈ ತಪ್ಪಿದಳು ಅಂತಲೇ ಅನ್ನಿಸಿತು. ಆಗ ಚಾಚಾ ಎದ್ದು ನಿಂತರು.

"ಮುಂದಿನ ಗೇರೆಲ್ಲಾ ಹಿಂದಕ್ಕ ಓಡತಾವ ಹೌದಿಲ್ಲೋ? ಹಂಗಾರ ಗಾಡಿ ಬೆನ್ನ ಬಬಲೇಶ್ವರದ ಕಡೆ ಮಾಡ್ರಿ!"

ಗಾಡಿ ತಿರುವಿದೆವು. ತಿರುವುವಾಗ ಒಂದು ಕ್ಷಣ ನಿಂತಿತು, ಆದರೆ ಇನ್ನೂ ಊರು ದಾಟಿಲ್ಲ, ಇದು ನಡುದಾರಿ ಅಲ್ಲ ಅಂತ ಎಲ್ಲರೂ ಸೇರಿ ತೀರ್ಮಾನ ಮಾಡಿದೆವು. ಮಾಮಾ ಎರಡನೇ ಗೇರಿನಲ್ಲಿ ಬಿಟ್ಟ. ಅವನಿಗೆ ಹಿಂದಿನದು ಕಾಣುತ್ತಿರಲಿಲ್ಲ. ಈಗ ಎಲ್ಲರಿಗಿಂತ ಮುಂದೆ ಇದ್ದವನು ನಾನೇ. ಬಾಸಿಂಗದ ಮುತ್ತಿನ ಎಳೆ ಸರಿಸಿಕೊಳ್ಳುತ್ತಾ ದಾರಿ ಹೇಳಬೇಕಾಯಿತು.

"ಮಾಮಾ, ಎಡಕ್ಕ!"

"ನಿನ್ನ ಎಡಕ್ಕೋ, ನನ್ನ ಎಡಕ್ಕೋ?"

"ಎತ್ತಿನ ಗಾಡಿ ಬಂತೋ ಮಾಮಾ, ಯಾರ ಎಡಕ್ಕರ ಹೊಳ್ಳಸೋ!"

ಸಾರವಾಡದಲ್ಲಿ ಜನ ಬಸ್ಸಿಗೆ ಕಾಯುತ್ತಿದ್ದರು. ನಮ್ಮ ಗಾಡಿಯ ಮೂತಿ ವಿಜಾಪುರದ ಕಡೆಗಿತ್ತು. "ಯಪ್ಪಾ, ನಿಬ್ಬಣ ಹೊಳ್ಳಿ ಹೊಂಟೈತಲ್ಲೋ! ಲಗ್ನ ಮುರೀತೇನು?" ಅಂದರು ಒಬ್ಬರು. ಒಬ್ಬ ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಹೋಗ್ಲಿ ಬಿಡೋ ತಮ್ಮಾ, ಬ್ಯಾರೆ ಹುಡುಗಿ ಸಿಗತಾಳ!" ಅಂತ ಕೂಗಿದಳು. ನಿಂತು ತಿಳಿಸಿ ಹೇಳುವ ಹಾಗಿರಲಿಲ್ಲ, ನಿಂತರೆ ಅವಳ ಮಾತೇ ನಿಜವಾಗುತ್ತಿತ್ತು. "ಇಲ್ಲಬೇ, ಲಗ್ನಕ್ಕ ಹೊಂಟೇನಿ!" ಅಂತ ಓಡುವ ಗಾಡಿಯಿಂದಲೇ ಒದರಿದೆ.

ಬಬಲೇಶ್ವರದ ಅಗಸಿ ಬಾಗಿಲಲ್ಲಿ ಆರತಿ ಹಿಡಿದ ಹೆಂಗಸರು, ನಡುವೆ ಅಜ್ಜ. ಗಾಡಿಯ ಬೆನ್ನು ಅವರ ಮುಂದೆ ಬಂದು ನಿಂತಿತು. ಮಾಮಾ ಕಡೆಯಲ್ಲಿ ಇಳಿದು ಬಂದು ಕೈ ಮುಗಿದ. ಅಜ್ಜ ಗಾಡಿಯ ಸುತ್ತ ಒಂದು ಸುತ್ತು ಹಾಕಿದರು.

"ನಿಂದರಬಾರ್ದು ಅಂದಿದ್ನಿ, ನಿಂತಿಲ್ಲ. ಯಾ ಮಗ್ಗಲಿಂದ ಬರ್ಬೇಕಂತ ನಾನೂ ಹೇಳಿರಲಿಲ್ಲ. ಇಳಿ ತಮ್ಮಾ!"

ತವರಿನ ಕಡೆ ಮುಖ

ಲಗ್ನ ಚೆಂದಾಗಿ ಆಯಿತು. ನಾನು ಅಷ್ಟು ಸಂತೋಷವಾಗಿದ್ದ ದಿನ ಇನ್ನೊಂದಿಲ್ಲ. ಸಂಜೆ ಹೆಣ್ಣು ಕಳಿಸುವ ಹೊತ್ತಿಗೆ ಮತ್ತೆ ಗಾಡಿಯ ಬೆನ್ನನ್ನು ವಿಜಾಪುರದ ಕಡೆ ತಿರುವಿದೆವು. ಮದುಮಗಳನ್ನು ಮುಂದಿನ ಸೀಟಿನಲ್ಲಿ ಕೂಡಿಸಿದರು. ನಾನು ಮತ್ತೆ ಹಿಂದೆ, ದಾರಿ ತೋರಿಸುವ ಕೆಲಸಕ್ಕೆ.

ಬೇರೆ ಹೆಣ್ಣುಮಕ್ಕಳು ತವರು ಬಿಡುವಾಗ ಕತ್ತು ಹೊರಳಿಸಿ ಹೊರಳಿಸಿ ನೋಡುತ್ತಾರೆ. ಇವಳಿಗೆ ಆ ತ್ರಾಸವೇ ಇರಲಿಲ್ಲ. ಎದುರಿಗೇ ಮನೆ, ಮನೆಯ ಮುಂದೆ ಅಜ್ಜ, ಅವ್ವ. ಗಾಡಿ ಹಿಂದೆ ಸರಿದಂತೆ ಅವಳ ಅವ್ವ ಕಣ್ಣೊರೆಸಿಕೊಳ್ಳುತ್ತಾ ಗಾಡಿಯ ಮುಂದೆ ಮುಂದೆ ನಡೆದು ಬಂದರು. ಮಗಳ ಮುಖ ಕಾಣುತ್ತಿರುವಾಗ ಮಾತು ನಿಲ್ಲುವುದೆಂತು? "ಮಜ್ಜಿಗಿ ಹುಳಿ ಬಿಡಬ್ಯಾಡವಾ. ತಲಿಗೆ ಎಣ್ಣಿ ಹಚ್ಕೋ. ಅತ್ತೀಗೆ ಎದುರ ಮಾತಾಡಬ್ಯಾಡ." ಬೀಗತಿ ಮಾತಾಡುತ್ತಿರುವಾಗ ಜೋರಾಗಿ ಬಿಟ್ಟುಕೊಂಡು ಹೋಗುವುದು ಮರ್ಯಾದೆಯಲ್ಲ ಅಂತ ಮಾಮಾನೂ ನಡಿಗೆಯ ವೇಗದಲ್ಲೇ ಓಡಿಸಿದ. ಊರು ದಾಟಿತು, ಹೊಲ ದಾಟಿದವು, ಮಾತು ಮುಗಿಯಲಿಲ್ಲ. ಕಡೆಗೆ ಅತ್ತೆಯವರನ್ನೂ ಗಾಡಿ ಹತ್ತಿಸಿಕೊಂಡೆವು. ಒಂದು ವಾರ ನಮ್ಮ ಮನೆಯಲ್ಲಿದ್ದು ಮಾತು ಮುಗಿಸಿ ಹೋದರು.

ಮರುದಿನ ಚಾಚಾ ಪಾನಾ ಹಿಡಿದು ಗುಂಡು ಸರಿ ಮಾಡಲು ಬಂದರು. ನನ್ನ ಹೊಸ ಹೆಂಡತಿ ಬಾಗಿಲ ಹಿಂದಿನಿಂದ ಮೊದಲ ಸಲ ಬಾಯಿ ಬಿಟ್ಟಳು.

"ಚಾಚಾರ, ನಾನು ತವರಿಗೆ ಹೋಗುವಾಗ ಗುಂಡು ನೆಟ್ಟಗ ಕೂಡಸ್ರಿ. ಹೊಳ್ಳಿ ಬರುವಾಗ ಮತ್ತ ಹಿಂಗ ಕೂಡಸ್ರಿ. ಅಂದ್ರ ಎರಡೂ ಸರ್ತಿ ಮಾರಿ ತವರಿನ ಕಡೆನ ಇರತೈತಿ."

ಚಾಚಾ ಗಾಡಿಯ ಕೆಳಗಿನಿಂದ ತಲೆ ಹೊರಗೆ ಹಾಕಿದರು.

"ಬೇಟಿ, ನೆಟ್ಟಗ ಕೂಡಸೋದು ನನ್ನ ಕೈಯಾಗ ಐತಿ. ಹಿಂಗ ಕೂಡಸೋದು ಅಲ್ಲಾನ ಕೈಯಾಗ."