ಬಾಸು ಹೋದ, ಬಾಸು ಬಂತು

ಗಂಡನಿಗೆ ಕೈತುಂಬ ಕೆಲಸವಿರುವಾಗ ಹೆಂಡತಿಯರೆಲ್ಲ "ಸ್ವಲ್ಪ ದಿನ ಮನೇಲಿರಬಾರದೇ" ಎಂದು ಗೊಣಗುತ್ತಾರೆ. ಹಾಗೆ ಗೊಣಗುವುದು ಅಪಾಯ. ದೇವರು ಕೆಲವೊಮ್ಮೆ ಕೇಳಿಸಿಕೊಂಡುಬಿಡುತ್ತಾನೆ. ನಮ್ಮವರ ಡಾಟ್‌ಕಾಮ್ ಕಂಪನಿ ನಾಯಿಗಳ ಹುಟ್ಟುಹಬ್ಬಕ್ಕೆ ಇಂಟರ್ನೆಟ್ಟಿನಲ್ಲಿ ಕೇಕು ಮಾರುತ್ತಿತ್ತು. ನಾಯಿಗಳಿಗೆ ತಾವು ಹುಟ್ಟಿದ ದಿನ ಗೊತ್ತಿಲ್ಲವೆಂಬುದು ಕೊನೆಗೂ ಹಣ ಹಾಕಿದವರಿಗೆ ತಿಳಿದು, ಒಂದು ಬೆಳಿಗ್ಗೆ ಕಂಪನಿ ಬಾಗಿಲು ಹಾಕಿತು. ಅಲ್ಲಿಯವರೆಗೆ ಮೀಟಿಂಗು, ಮೀಟಿಂಗು ಎಂದು ಮನೆ ಸೇರದಿದ್ದ ನಮ್ಮ ಶಿವರಾಜು ಸೋಫಾದ ಮೇಲೆ ಕೂತರು. ಕೂತವರು ಮಾತೂ ನಿಲ್ಲಿಸಿದರು. ನಾನು ಪಾಲೋ ಆಲ್ಟೋದ ಆಫೀಸಿಗೆ ಹೊರಡುವಾಗ ಹೇಗೆ ಕೂತಿದ್ದರೋ ಸಂಜೆ ಬಂದಾಗಲೂ ಹಾಗೆಯೇ ಕೂತಿರುತ್ತಿದ್ದರು.

ಅವರ ಬಾಸು ಊರಿಗೆ ಹೊರಡುವಾಗ ತನ್ನ ಗಾಳದ ಕೋಲನ್ನು ಇವರಿಗೆ ಕೊಟ್ಟುಹೋಗಿದ್ದ. ಅವನು ಲೂಸಿಯಾನಾ ಕಡಲ ಕಡೆಯವನು. ಅಲ್ಲಿ ಮೊಣಕಾಲುದ್ದದ ನೀರಿನಲ್ಲೇ ಕೆಂಪು ಮೀನುಗಳು ತಲೆ ಕೆಳಗೆ ಮಾಡಿ ಏಡಿ ಹೆಕ್ಕುತ್ತವಂತೆ, ಬಾಲ ಮಾತ್ರ ಬಾವುಟದ ಹಾಗೆ ಮೇಲೆ ಆಡುತ್ತದಂತೆ. ಒಂದು ದಿನ ಇವರು ಇದ್ದಕ್ಕಿದ್ದಂತೆ, "ಸುಜಾತಾ, ನಮ್ ಬೇ ಕಡೆ ಸಮುದ್ರದ ನೀರೂ ಆಳ ಇಲ್ಲ ಕಣೆ" ಎಂದರು. ಎಷ್ಟೋ ದಿನಗಳಲ್ಲಿ ಅವರು ಆಡಿದ ಅತಿ ದೊಡ್ಡ ವಾಕ್ಯ ಅದು. ನಾನೇ ಓಡಿಹೋಗಿ ಕಾರಿನ ಕೀ ತಂದುಕೊಟ್ಟೆ.

ಗಾಳದ ಅಂಗಡಿಯವನು ಈ ಸಮುದ್ರದಲ್ಲಿ ಕೆಂಪು ಮೀನೇ ಇಲ್ಲವೆಂದು ನಕ್ಕನಂತೆ. ಬೇಕಾದರೆ ಪಟ್ಟೆ ಪಟ್ಟೆಯ ಬಾಸು ಮೀನಿದೆ, ನೀರೇರುವ ಭರತದ ಹೊತ್ತಿಗೆ ದಡದ ತೆಳು ನೀರಿಗೆ ಬರುತ್ತದೆ ಎಂದನಂತೆ. "ಒಂದು ಬಾಸು ಹೋದ್ರೆ ಇನ್ನೊಂದು ಬಾಸು" ಎಂದು ಇವರು ರಬ್ಬರ್ ಸಿಗಡಿಗಳನ್ನು ಕೊಂಡು ತಂದರು. ಆದರೆ ಈ ಬಾಸೂ ಇವರನ್ನು ಮೂಸಿ ನೋಡಲಿಲ್ಲ. ಬರಿಗೈಯಲ್ಲಿ ಬಂದ ಒಂದು ದಿನ, "ಮೀನಿಗೂ ನನ್ ರೆಸ್ಯೂಮೆ ಹಿಡಿಸ್ತಿಲ್ಲ ಬಿಡು" ಎಂದು ಕೋಲನ್ನು ಗ್ಯಾರೇಜಿನ ಮೂಲೆಗೆ ಒರಗಿಸಿದರು. ತಮಾಷೆಗೆ ಹೇಳಿದ್ದಲ್ಲ. ನನಗೆ ನಿಜವಾಗಿ ಭಯವಾಯಿತು.

ಆ ಶನಿವಾರ ಚಿತ್ರಾನ್ನ ಕಟ್ಟಿಕೊಂಡು ನಾನೇ ಅವರನ್ನು ಹೊರಡಿಸಿದೆ. ಎದೆಮಟ್ಟದ ರಬ್ಬರ್ ಪ್ಯಾಂಟು ತೊಟ್ಟ ನಾನು ಗೊಬ್ಬರದ ಮೂಟೆಗೆ ಕಾಲು ಬಂದ ಹಾಗೆ ಕಾಣುತ್ತಿದ್ದೆ. ಸ್ಯಾನ್ ಮಟೇಯೊ ಸೇತುವೆಯ ಆಚೆ, ಮೊಣಕಾಲು ಮುಳುಗುವ ನೀರಿನಲ್ಲಿ ಇಬ್ಬರೂ ಗಾಳ ಬಿಟ್ಟು ನಿಂತೆವು. ಹಸಿವಾಗಿ ಇವರು, "ಸುಮ್ನೆ ಹಿಡ್ಕೊಂಡಿರು" ಎಂದು ಕೋಲನ್ನು ನನಗೆ ಕೊಟ್ಟು, ದಡಕ್ಕೆ ಹೋಗಿ ಚಿತ್ರಾನ್ನದ ಡಬ್ಬಿ ತೆಗೆದರು. ಅಷ್ಟರಲ್ಲಿ ಕೋಲು ಬಾಗಿತು.

"ರೀ, ಯಾರೋ ಎಳೀತಿದಾರೆ!"

"ಯಾರೋ ಅಲ್ಲ ಕಣೇ, ಮೀನು! ಸುತ್ತು, ಬೇಗ ಸುತ್ತು!"

ಪತಿವ್ರತೆಯಾದ ನಾನು ಸುತ್ತಿದೆ. ಸುತ್ತಬೇಕಾದದ್ದು ರೀಲಿನ ಹಿಡಿಯನ್ನು ಎಂದು ತಿಳಿಯುವಷ್ಟರಲ್ಲಿ ದಾರವೆಲ್ಲ ನನ್ನ ಸೊಂಟಕ್ಕೆ ಸುತ್ತಿಕೊಂಡು, ನಾನು ದೊಪ್ಪೆಂದು ನೀರಿಗೆ ಬಿದ್ದಿದ್ದೆ. ದಾರದ ಜೊತೆ ಮೀನೂ ಹತ್ತಿರಕ್ಕೆ ಬಂದಿತ್ತು. ಇವರು ಚಿತ್ರಾನ್ನ ಎಸೆದು ಓಡಿಬಂದು, ಹೆಂಡತಿಯನ್ನು ಬಿಟ್ಟು, ಮೀನನ್ನು ತಬ್ಬಿಕೊಂಡರು. ಅದು ಬಾಲದಿಂದ ಇವರ ಕೆನ್ನೆಗೆ ರಪ್ಪೆಂದು ಒಂದು ಬಿಟ್ಟು, ಕೊಸರಿಕೊಂಡು ಹೊರಟೇಹೋಯಿತು. ಇವರು ಕೆನ್ನೆ ಹಿಡಿದುಕೊಂಡು ನನ್ನ ಪಕ್ಕದಲ್ಲೇ ನೀರಿನಲ್ಲಿ ಕುಸಿದು ಕೂತರು. ಆಮೇಲೆ ನಗತೊಡಗಿದರು. ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು. ನಾನೂ ನಕ್ಕೆ, ಸ್ವಲ್ಪ ಅತ್ತೆ ಕೂಡ; ಒದ್ದೆಯಾಗಿದ್ದರಿಂದ ಗೊತ್ತಾಗಲಿಲ್ಲ. ಮನೆ ತಲುಪುವವರೆಗೆ ಫ್ರೀವೇ ಉದ್ದಕ್ಕೂ ಅವರ ಬಾಯಲ್ಲಿ ಆ ಮೀನು ಬೆಳೆಯುತ್ತಲೇ ಹೋಯಿತು.

ಮುಂದೆ ಅವರಿಗೆ ದೂರದ ಗಿಲ್‌ರಾಯ್ ಕಡೆ ಕೆಲಸ ಸಿಕ್ಕಿತು. ವಾರವೆಲ್ಲ ಕಾರು ಓಡಿಸಿ ಸುಸ್ತಾಗಿ ಈಗ ಶನಿವಾರ ಏಳುವುದೇ ಇಲ್ಲ. ಮೊನ್ನೆ ಶನಿವಾರ ಬೆಳಿಗ್ಗೆ ದಡದಲ್ಲಿ ವಾಕಿಂಗಿಗೆ ಬಂದಿದ್ದ ಪರಿಚಯದ ಕನ್ನಡದ ಹೆಂಗಸೊಬ್ಬರು, ರಬ್ಬರ್ ಪ್ಯಾಂಟಿನಲ್ಲಿ ಕೋಲು ಹಿಡಿದು ನೀರಲ್ಲಿ ನಿಂತಿದ್ದ ನನ್ನನ್ನು ಗುರುತು ಹಿಡಿದು, "ಏನ್ರೀ ಸುಜಾತಾ, ಇಲ್ಲಿ?" ಎಂದರು.

"ಏನ್ ಮಾಡೋದು ಹೇಳಿ, ನಮ್ಮನೆಯವ್ರಿಗೆ ಮೀನಿನ ಹುಚ್ಚು."

"ಎಲ್ಲಿ, ಅವರು ಕಾಣ್ತಾನೇ ಇಲ್ಲ?"

ಆಕೆ ಗಾಬರಿಯಿಂದ ಖಾಲಿ ನೀರನ್ನೇ ನೋಡತೊಡಗಿದರು. ಮನೇಲಿ ಮಲಗಿದ್ದಾರೆಂದು ಸಮಾಧಾನ ಹೇಳಬಹುದಿತ್ತು. ಆದರೆ ಮಾತಾಡಿದರೆ ಮೀನು ಓಡಿಹೋಗುತ್ತದೆ.